ಜರಿ ಅಂಚಿನ ಸೀರೆಗೆ ಬಂದ ಡಬ್ಬಿ

ಆಳಂದದ ನಮ್ಮ ಓಣಿಗೆ ವಾರಕ್ಕೊಮ್ಮೆ ಒಂದು ಆಟೊ ಬರುತ್ತದೆ. ಅದರ ಮೇಲಿನ ಮೈಕು "ಹಳೇ ಸೀರಿ, ಹಳೇ ಪ್ಯಾಂಟ್ ಕೊಡ್ರಿ, ಸ್ಟೀಲ್ ಬಾಂಡೆ ಒಯ್ರಿ" ಎಂದು ಒದರಿದ ಕೂಡಲೇ ನಾನು ಬೆಳೆದ ಗೊಬ್ಬೂರಿನ ಮನೆಯ ಕಟ್ಟೆ, ಬಿಸಿಲಿಗೆ ಕಾದ ಸ್ಟೀಲಿನ ವಾಸನೆ, ನುಸಿಗುಳಿಗೆ ಹಾಕಿಟ್ಟ ಕಬ್ಬಿಣದ ಟ್ರಂಕು ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ. ನೆನಪು ಇಷ್ಟು ಸಲೀಸಾಗಿ ಬಂದಾಗಲೆಲ್ಲ ನನಗೆ ಗುಮಾನಿ. ಯಾವುದನ್ನೋ ಮುಚ್ಚಿಡಲಿಕ್ಕೇ ಅದು ಇಷ್ಟೊಂದು ತೋರಿಸುತ್ತಿರಬಹುದು.

ನಾನು ನಡೆಯಲು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವರು ಆಯಿ, ಅಂದರೆ ಅಪ್ಪನ ತಾಯಿ, ಮತ್ತು ಚಿಕ್ಕಪ್ಪನ ಹೆಂಡತಿ ಕಾಕಿ. ಆ ಮನೆಯಲ್ಲಿ ಹಳೆಯ ಬಟ್ಟೆ ಎಂಬುದೇ ಇರಲಿಲ್ಲ. ಹರಿದದ್ದೆಲ್ಲ ಆಯಿ ತುಂಡು ಸೇರಿಸಿ ಹೊಲಿಯುವ ಹೊದಿಕೆಗೆ, ಕೌದಿಗೆ, ಹೋಗುತ್ತಿತ್ತು. ನಡುವಿನ ತುಂಡು ಮನೆಯ ಹೆಣ್ಣುಮಗಳ ಸೀರೆಯದೇ ಆಗಬೇಕು, ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ಹೋಳಿಗೆ ಇಡಬೇಕು. ಕೌದಿ ಹಸಿದಿರಬಾರದು ಎಂಬುದು ಆಕೆಯ ಮಾತು. ನನಗೆಂದು ಹೊಲಿಯುತ್ತಿದ್ದ ಕೌದಿಯ ನಡುವಿಗೆ ಅವ್ವನ ಜರಿ ಅಂಚಿನ ಸೀರೆಯೊಂದನ್ನು ಟ್ರಂಕಿನಲ್ಲಿ ತೆಗೆದಿಟ್ಟಿದ್ದಳು.

ಪಾತ್ರೆ-ಬಾಂಡೆ ಮಾರುವವಳು ಆಗ ಬುಟ್ಟಿ ಹೊತ್ತು ಬರುತ್ತಿದ್ದಳು. ಆಯಿಗೆ ಆಕೆಯನ್ನು ಕಂಡರಾಗದು. "ರೊಕ್ಕ ಕೇಳೋರಿಗೆ ಅಂಜಬ್ಯಾಡ, ಪುಕ್ಕಟೆ ಅನ್ನೋರಿಗೆ ಅಂಜು" ಎನ್ನುತ್ತಿದ್ದಳು. ಆಯಿ ಹೊಲಕ್ಕೆ ಹೋದಾಗ ಮಾತ್ರ ಬುಟ್ಟಿ ನಮ್ಮ ಕಟ್ಟೆಯ ಮೇಲೆ ಇಳಿಯುತ್ತಿತ್ತು. ಅವಳು ಕಾಕಿಯ ಸೀರೆಯನ್ನು ಬಿಸಿಲಿಗೆ ಹಿಡಿದು, "ಇದೇನ್ ಸೀರ್ಯೋ ಜರಡಿಯೋ, ಅಕ್ಕಾರ?" ಎಂದರೆ, ಕಾಕಿ ಡಬ್ಬಿಯೊಂದನ್ನು ಬೆರಳಿನಿಂದ ಬಾರಿಸಿ, "ನಿನ್ನ ತಗಡರ ಬಾಳ ದಪ್ಪೈತೇನ್ ಬೇ?" ಎನ್ನುತ್ತಿದ್ದಳು. ನನ್ನ ಕಣ್ಣು ಕ್ಲಿಪ್ಪಿರುವ ಊಟದ ಡಬ್ಬಿಯ ಮೇಲಿತ್ತು. ಶಾಲೆಯಲ್ಲಿ ನಾನೊಬ್ಬಳೇ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ, ನಿಜವೋ, ನೆಪವೋ. ಅವಳು ನನ್ನತ್ತ ಬಾಗಿ, "ಜರಿ ಅಂಚಿನ ಸೀರಿ ಒಂದಿದ್ರ ಈ ಡಬ್ಬಿ ನಿಂದ ನೋಡವಾ ತಂಗಿ" ಎಂದದ್ದು ಮಾತ್ರ ಸ್ಪಷ್ಟವಾಗಿದೆ. ಸಂಜೆಗೆ ಡಬ್ಬಿ ನನ್ನ ಪಾಟಿಚೀಲದಲ್ಲಿತ್ತು. ನಡುವೆ ನಡೆದದ್ದನ್ನು ದಿನಚರಿಯಲ್ಲಿ ಮೂರು ಸಲ ಬರೆದಿದ್ದೇನೆ. ಮೂರರಲ್ಲೂ ಸೀರೆ ತಂದುಕೊಟ್ಟವಳು ನಾನೇ, ಮೂರರಲ್ಲೂ ಸೀರೆಯ ಬಣ್ಣ ಬೇರೆ.

ಟ್ರಂಕು ತೆರೆದು ಸೀರೆ ಕಾಣದ ದಿನ ಆಯಿ ನನ್ನತ್ತ ನೋಡಲೇ ಇಲ್ಲ. ಕಾಕಿಗೆ, "ಸತ್ತಾಕಿ ಸೀರಿ ಮ್ಯಾಲೂ ಕಣ್ಣೇನ ನಿಂದು?" ಎಂದಳು. ಕಾಕಿ ಒಲೆಯ ಮುಂದಿನಿಂದ ಏಳಲಿಲ್ಲ, ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಕೌದಿಯ ನಡುವಿಗೆ ಬಿಳಿ ಧೋತರದ ತುಂಡು ಬಿತ್ತು, ಒಳಗೆ ಹೋಳಿಗೆ ಇಡದೆಯೇ ಆಯಿ ಮೂಲೆ ಮುಚ್ಚಿದಳು. ಟ್ರಂಕಿಗೆ ಬೀಗ ಬಂತು, ಕೀಲಿಕೈ ಆಯಿಯ ಸೊಂಟಕ್ಕೆ ಹೋಯಿತು. ಅಲ್ಲಿಂದ ಆಯಿ ಸಾಯುವತನಕ ಕಾಕಿ ತನ್ನ ಸೀರೆಯನ್ನೂ ಕೇಳಿ ಪಡೆಯಬೇಕಾಯಿತು. ಆ ಡಬ್ಬಿಯನ್ನು ದಿನವೂ ತಿಕ್ಕಿ, ಅದರಲ್ಲಿ ನನಗೆ ರೊಟ್ಟಿ ಕಟ್ಟಿಕೊಟ್ಟವಳೂ ಆಕೆಯೇ. ಕೊಂಡ ವಸ್ತುವಿನ ನಿಜವಾದ ಬೆಲೆ ಅದಕ್ಕಾಗಿ ಬಿಟ್ಟುಕೊಟ್ಟದ್ದು ಎಂದು ಮುಂದೆ ಕಾಲೇಜಿನಲ್ಲಿ ಕಲಿತೆ. ಬಿಟ್ಟುಕೊಟ್ಟವರು ಬೇರೆಯವರಾದರೆ ಏನೆಂದು ಯಾರೂ ಕಲಿಸಲಿಲ್ಲ.

ಆಯಿ ಹೋದಳು, ಗೊಬ್ಬೂರಿನ ಮನೆ ಬೇರೆಯವರದಾಯಿತು. ಜೇವರ್ಗಿಯಲ್ಲಿ ಮಗಳ ಹತ್ತಿರವಿದ್ದ ಕಾಕಿಗೆ ಒಂದು ಮಧ್ಯಾಹ್ನ ಎಲ್ಲ ಹೇಳಿದೆ. ಆಕೆ ಶೇಂಗಾ ಸುಲಿಯುತ್ತ ನಕ್ಕಳು.

"ನೀ ಎಲ್ಲಿ ಕೊಟ್ಟಿ ಬೇ ಹುಚ್ಚಿ. ಡಬ್ಬಿ ಬೇಕಂತ ನೀ ಅತ್ತಿ, ಸೀರಿ ತಗದಾಕಿ ನಾನು."

"ಖರೇ ಹೇಳ ಕಾಕಿ."

"ಖರೇನ ಹೇಳಾಕತ್ತೇನಿ. ಇಷ್ಟ ಕಲ್ತಾಕಿ, ಒಂದ ಸೀರಿ ಎಷ್ಟ ವರ್ಷ ಜಗ್ತಿ?"

"ಹಂಗಾರ ಅದರ ಬಣ್ಣ ಯಾವ್ದಿತ್ತು?"

ಕಾಕಿ ಇನ್ನೊಂದು ಬೊಗಸೆ ಶೇಂಗಾ ಮೊರಕ್ಕೆ ಹಾಕಿಕೊಂಡಳು.

ತೆಗೆದುಕೊಟ್ಟವಳಿಗೆ ಬಣ್ಣ ಮರೆಯುತ್ತದೆಯೇ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಮರೆಯದು ಎಂದಾದರೆ ನನಗೂ ನೆನಪಿರಬೇಕಿತ್ತಲ್ಲ. ಹೋದ ವರ್ಷ ಕಾಕಿಯೂ ತೀರಿಕೊಂಡಳು. ಆಕೆಯ ಮಾತನ್ನು ನಂಬಿಬಿಟ್ಟರೆ ನನ್ನ ಮನಸ್ಸು ಹಗುರಾಗುತ್ತದೆ. ಅದಕ್ಕೇ ಇನ್ನೂ ನಂಬಿಲ್ಲ.