ಗುಡ್ಡದ ನೆತ್ತಿಯಲ್ಲಿ ಹರಿದ ಕೆಸರು

ಪ್ಲಾಟರ್ ಯಂತ್ರದ ಕರ್‌ಕರ್ ಸದ್ದು ಈಗಲೂ ಕಿವಿಯಲ್ಲಿದೆ. ಚಾಪೆಯಷ್ಟು ಅಗಲದ ಕಾಗದದ ಮೇಲೆ ಅದು ಉಪಗ್ರಹ ಚಿತ್ರಗಳನ್ನು ಗೆರೆಗೆರೆಯಾಗಿ ಮುದ್ರಿಸುತ್ತಿತ್ತು. 2003ರಲ್ಲಿ ನಾನು ತಿರುವನಂತಪುರದ ಉಳ್ಳೂರ್ ಬಳಿಯ ಒಂದು ಕಚೇರಿಯಲ್ಲಿ ಇಮೇಜ್ ಅನಲಿಸ್ಟ್. ಬಾಹ್ಯಾಕಾಶದಿಂದ ತೆಗೆದ ಚಿತ್ರ ನೋಡಿ ಬೆಟ್ಟ, ಕಣಿವೆ, ಲಾವಾ ಹರಿದ ಜಾಡು ಗುರುತಿಸುವುದು ನನ್ನ ಕೆಲಸ. ಕಾಸರಗೋಡಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹತ್ತಿಸಿದ ಜಾಗ್ರಫಿ ಹುಚ್ಚು ಅಲ್ಲಿಯವರೆಗೆ ಕರೆತಂದಿತ್ತು.

ನನ್ನ ಜೂನಿಯರ್ ಆಗಿದ್ದ ಲಿಸಿ ಕೊಚ್ಚಿಯ ಮಟ್ಟಾಂಚೇರಿಯವಳು. ಅವಳ ಗಂಡ ಜೋಯ್ ಫಿಲಿಪ್ಪೀನ್ಸ್‌ನ ಒಂದು ಜ್ವಾಲಾಮುಖಿ ಶ್ರೇಣಿಯ ತಪ್ಪಲಿನಲ್ಲಿ ರಸ್ತೆ ಕೆಲಸದ ಸರ್ವೇಯರ್, ವಾಸ ಕ್ಯಾಂಪಿನಲ್ಲೇ. ಭಾರಿ ಮಳೆಗೆ ಬೆಟ್ಟದ ಹಳೆಯ ಬೂದಿಯೆಲ್ಲ ಕೆಸರಾಗಿ ಇಳಿದಿದೆ ಎಂಬ ಸುದ್ದಿ ಬಂತು. ಜೋಯ್‌ನ ಫೋನ್ ನಿಂತುಹೋಯಿತು.

ಮಳೆ ಬಿಟ್ಟ ಮೇಲಿನ ಚಿತ್ರ ತರಿಸಲು ಡೈರೆಕ್ಟರ್ ಒಪ್ಪಿದರು. ಲಿಸಿ ಅದನ್ನು ಮ್ಯಾಪಿನ ಪಕ್ಕ ಗೋಡೆಗೆ ಪಿನ್ ಮಾಡಿ, ಕ್ಯಾಂಪಿದ್ದ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟು, ಹಾಗೇ ಕುಳಿತುಬಿಟ್ಟಳು. ಚುಕ್ಕೆ ಆಳವಾದ ಕಣಿವೆಯಲ್ಲಿತ್ತು.

ಆಫೀಸಿನಲ್ಲಿ ಸದಾ ಮೇಡಂ ಎನ್ನುತ್ತಿದ್ದವಳು ಅಂದು ಮಲಯಾಳದಲ್ಲಿ ಅಕ್ಕ ಎಂದು ಕರೆದು, "ಚೇಚೀ, ಅಲ್ಲಿದ್ದವರು ಯಾರೂ ಉಳಿಯಲಿಕ್ಕಿಲ್ಲ" ಎಂದಳು.

ನಾನು ಚಿತ್ರದ ಹತ್ತಿರ ಹೋದೆ. ಕೆಸರಿನ ಬೂದು ಪಟ್ಟಿಯನ್ನೇ ನೋಡುತ್ತಾ ನಿಂತೆ. ಅದು ಗುಡ್ಡದ ನೆತ್ತಿಯುದ್ದಕ್ಕೂ ಸಾಗಿತ್ತು.

"ಅಲ್ಲ ಮೋಳೇ, ಕೆಸರು ನೆತ್ತಿಯ ಮೇಲೆ ಹರಿಯುತ್ತದಾ?" ಅವಳನ್ನು ಮಗಳೇ ಎಂದು ಅವಳ ಭಾಷೆಯಲ್ಲೇ ಕರೆದು ಕೇಳಿದೆ.

ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ನಮ್ಮ ಕಣ್ಣು ನಂಬಿರುತ್ತದೆ. ಆ ಚಿತ್ರದಲ್ಲಿ ಬೆಳಗಿನ ಬಿಸಿಲು ಆಗ್ನೇಯದಿಂದ, ಅಂದರೆ ಉತ್ತರ ಮೇಲಿದ್ದಾಗ ಕಾಗದದ ಕೆಳ ಅಂಚಿನ ಕಡೆಯಿಂದ ಬಂದಿತ್ತು. ಆಗ ಬೆಟ್ಟ ಹಳ್ಳದಂತೆ, ಹಳ್ಳ ಬೆಟ್ಟದಂತೆ ಕಾಣುತ್ತದೆ. ಅದಕ್ಕೇ ಇಂಥ ಚಿತ್ರಗಳನ್ನು ತಲೆಕೆಳಗು ಮಾಡಿ ನೋಡುವುದು ನಮ್ಮ ಸೆಕ್ಷನ್ನಿನ ರೂಢಿ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳೇ ಲಿಸಿ. ಮ್ಯಾಪಿಗೆ ಹೊಂದಿಸುವ ಆತುರದಲ್ಲಿ ಉತ್ತರ ದಿಕ್ಕನ್ನು ಮೇಲಿಟ್ಟಿದ್ದಳು.

ಪಿನ್ ಕಿತ್ತು ಕಾಗದ ತಿರುಗಿಸಿ ಹಿಡಿದೆ. ಕಣಿವೆ ಎದ್ದು ದಿಣ್ಣೆಯಾಯಿತು. ಕೆಸರು ಪಕ್ಕದ ಕಮರಿಗೆ ಇಳಿಯಿತು. ಕೆಂಪು ಚುಕ್ಕೆ ದಿಣ್ಣೆಯ ಮೇಲಿತ್ತು. ಲಿಸಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತುಂಬ ಹೊತ್ತು ಎದೆಗೊತ್ತಿಕೊಂಡಳು. ಆ ವಾರವೇ ಜೋಯ್‌ನ ಫೋನ್ ಬಂತು. ರಸ್ತೆಯೆಲ್ಲ ಕೊಚ್ಚಿಹೋಗಿ ದಿಣ್ಣೆಯ ಮೇಲೇ ಸಿಕ್ಕಿಬಿದ್ದಿದ್ದನಂತೆ. ಡಬ್ಬಿ ಮೀನು ತಿಂದು ನಾಲಿಗೆ ಸತ್ತಿದೆ ಎಂದು ದೂರಿದನಂತೆ. "ಅಹಂಕಾರ ನೋಡಿ ಚೇಚೀ," ಎಂದು ಲಿಸಿ ಅಳುತ್ತಲೇ ನಕ್ಕಳು.

ಕಂಡದ್ದನ್ನು ನಂಬುವ ಮೊದಲು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿಕೊಳ್ಳಬೇಕು, ಹೆದರಿದಾಗಲಂತೂ ಖಂಡಿತ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ರಿಟೈರ್ ಆಗಿ ಊರಿಗೆ ಹೊರಟಾಗ ಲಿಸಿ, ಜೋಯ್ ಇಬ್ಬರೂ ನನ್ನನ್ನು ನೋಡಲು ದಾರಿಯಲ್ಲಿ ಸಿಗುವ ಕೊಚ್ಚಿ ಬಳಿಯ ಆಲುವ ಸ್ಟೇಷನ್ನಿಗೆ ಬಂದಿದ್ದರು. ಅವಳನ್ನು ಕೊನೆಯ ಸಲ ನೋಡಿದ್ದು ಅಲ್ಲೇ. ರೈಲು ಹೊರಟಿತ್ತು. ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆದು ಹೇಳಿದಳು: "ಮನೆ ಮುಟ್ಟಿದ ಕೂಡಲೇ ಫೋನ್ ಮಾಡಬೇಕು ಚೇಚೀ. ಮರೆಯಬೇಡಿ."