ನೀರು ಬಿದ್ದದ್ದೇ ಸಾಕ್ಷಿಯಾಗಿತ್ತು

ಕಸ್ತೂರಕ್ಕ ಆ ಸೀರೆಗಳನ್ನು ಹಾಳು ಮಾಡಲಿಲ್ಲ. ಹಾಳು ಮಾಡಿದವನು ನಾನು. ಏಳು ವರ್ಷ ಬನಹಟ್ಟಿಯ ಜನ ಅವರ ಮೇಲೆ ಹೊರಿಸಿದ ಸಂಶಯ ಹೊರಟದ್ದು ನನ್ನ ಬಾಯಿಂದ — ಅದೂ ಒಂದು ಪ್ರಶ್ನೆಯ ರೂಪದಲ್ಲಿ. ನೇರವಾಗಿ ಸುಳ್ಳು ಹೇಳಿದ್ದರೆ ಯಾರಾದರೂ ಎಂದಾದರೂ ಹಿಡಿಯುತ್ತಿದ್ದರೇನೋ. ಪ್ರಶ್ನೆ ಕೇಳಿದವನನ್ನು ಯಾರು ಹಿಡಿಯುತ್ತಾರೆ?

ನಾನು ಜಮಖಂಡಿಯಲ್ಲಿ ಏಸಿ ಕೂರಿಸುವ, ರಿಪೇರಿ ಮಾಡುವ ಕೆಲಸದವನು. ಬನಹಟ್ಟಿಯ ಒಂದು ಸೀರೆ ಅಂಗಡಿಯ ಮಾಳಿಗೆಯಲ್ಲಿ ಛತ್ತಿನೊಳಗೆ ಕೂರುವ ಕ್ಯಾಸೆಟ್ ಏಸಿ ಹಾಕಿದವನು ನಾನೇ. ಅಂಗಡಿಯ ಮಾಲಕರನ್ನು ಎಲ್ಲರೂ ಸಾವಕಾರರು ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಮಾಳಿಗೆಯ ಉಸ್ತುವಾರಿ ಕಸ್ತೂರಕ್ಕನದು. ಮದುವೆ ಸೀರೆ ಬಿಚ್ಚಿ ತೋರಿಸುವುದು, ಮಡಚಿಡುವುದು, ಸಂಜೆ ಮಾಳಿಗೆಯ ದೀಪ, ಏಸಿ ಎಲ್ಲ ಬಂದ್ ಮಾಡಿ ಕೀಲಿ ಹಾಕುವುದು. ರಬಕವಿ, ಬನಹಟ್ಟಿಯಲ್ಲಿ ಮದುಮಗಳಿಗೆ ಸೀರೆ ಉಡಿಸಬೇಕಾದರೆ ಅವರನ್ನೇ ಕರೆಯುತ್ತಿದ್ದರು. ಅವರು ನಿರಿಗೆ ಹಿಡಿದರೆ ಊಟದ ಪಂಕ್ತಿ ಮುಗಿಯುವವರೆಗೂ ಜಾರುವುದಿಲ್ಲ ಎಂದು ಹೆಣ್ಣುಮಕ್ಕಳು ಹೇಳುತ್ತಿದ್ದರು. ನನ್ನನ್ನು ‘ತಮ್ಮಾ’ ಎನ್ನುತ್ತಿದ್ದರು. ನಾನು ನಿಚ್ಚಣಿಕೆ ಏರಿದಾಗ ಕೆಳಗೆ ನಿಂತು ಅದನ್ನು ಹಿಡಿದುಕೊಳ್ಳುತ್ತಿದ್ದವರು ಅವರೇ.

ಆ ಯಂತ್ರದ ಬಗ್ಗೆ ಸ್ವಲ್ಪ ಹೇಳದೆ ನನ್ನ ತಪ್ಪು ತಿಳಿಯುವುದಿಲ್ಲ. ಕ್ಯಾಸೆಟ್ ಏಸಿಯಲ್ಲಿ ಕೆಳಗಿನಿಂದ ಕಾಣುವುದು ಒಂದು ಚೌಕದ ಜಾಳಿಗೆ ಮಾತ್ರ. ಅದು ನಡುವಿನಿಂದ ಕೋಣೆಯ ಗಾಳಿಯನ್ನು ಒಳಗೆಳೆದು, ತಂಪು ಕೊಳವೆಗಳ ಮೇಲೆ ಹಾಯಿಸಿ, ನಾಲ್ಕೂ ಬದಿಯ ರೆಕ್ಕೆಗಳಿಂದ ಹೊರಗೆ ಬಿಡುತ್ತದೆ. ಒಳಗೆ ಎರಡು ಸಣ್ಣ ಸೆನ್ಸರ್ ಇರುತ್ತವೆ. ಒಂದು ಕೋಣೆಯ ಬಿಸಿ ನೋಡುತ್ತದೆ. ಇನ್ನೊಂದು ತಂಪು ಕೊಳವೆಗೆ ಅಂಟಿಕೊಂಡಿದ್ದು, ಕೊಳವೆ ಬರ್ಫ, ಅಂದರೆ ಮಂಜುಗಡ್ಡೆ, ಕಟ್ಟುವಷ್ಟು ತಣ್ಣಗಾದರೆ ಹೊರಗಿನ ಕಂಪ್ರೆಸರನ್ನು ನಿಲ್ಲಿಸುತ್ತದೆ. ಆಗ ಫ್ಯಾನ್ ಮಾತ್ರ ತಿರುಗುತ್ತದೆ, ಕಟ್ಟಿದ್ದು ಕರಗುತ್ತದೆ, ಮತ್ತೆ ಕಂಪ್ರೆಸರ್ ಚಾಲೂ ಆಗುತ್ತದೆ. ಕರಗಿದ ನೀರು ಕೆಳಗಿನ ತಟ್ಟೆಗೆ ಬೀಳುತ್ತದೆ. ಒಂದು ಪುಟ್ಟ ಪಂಪು ಅದನ್ನೆತ್ತಿ ಪೈಪಿನಿಂದ ಹೊರಗೆ ಹಾಕುತ್ತದೆ.

ಏಳು ವರ್ಷದ ಹಿಂದಿನ ಆ ಬೇಸಿಗೆ ಸಾವಕಾರರದು ಒಂದೇ ತಕರಾರು — ಏಸಿ ಗಳಿಗೆಗೊಮ್ಮೆ ನಿಲ್ಲುತ್ತದೆ, ಗಿರಾಕಿಗಳು ಬೆವರುತ್ತಾರೆ. ನಾನು ಶನಿವಾರ ಹೋಗಿ ನೋಡಿದೆ. ಕೊಳವೆಗಳಲ್ಲಿ ತಿರುಗಿ ತಂಪು ಮಾಡುವ ಗ್ಯಾಸು ಕಡಿಮೆಯಾಗಿತ್ತು. ಕೂರಿಸುವಾಗ ನಾನೇ ಬಿಗಿದ ಒಂದು ನಟ್ಟಿನ ಹತ್ತಿರ ಎಣ್ಣೆಯ ಕಲೆ ಕಂಡಿತು. ಅಲ್ಲಿಂದ ಗ್ಯಾಸು ಸೋರುತ್ತಿತ್ತು. ಗ್ಯಾಸು ಕಡಿಮೆಯಾದರೆ ಕೊಳವೆ ಬೇಗ ಬರ್ಫ ಕಟ್ಟುತ್ತದೆ, ಸೆನ್ಸರ್ ಪದೇಪದೇ ಕಂಪ್ರೆಸರ್ ನಿಲ್ಲಿಸುತ್ತದೆ. ಯಂತ್ರ ತನ್ನನ್ನು ತಾನು ಕಾಯ್ದುಕೊಳ್ಳುತ್ತಿತ್ತು, ಅಷ್ಟೇ. ನಾನು ‘ನನ್ನ ಕೆಲಸ ಕೆಟ್ಟಿದೆ, ಒಂದು ದಿನ ಬಂದ್ ಇಡಬೇಕು’ ಎನ್ನಬೇಕಿತ್ತು. ಮದುವೆ ಸೀಸನ್ನು, ಕೆಳಗೆ ಗಿರಾಕಿಗಳು, ಸಾವಕಾರರ ಬಿರುಸು ಮುಖ — ಅನ್ನಲಿಲ್ಲ. ಕೊಳವೆಯ ಸೆನ್ಸರನ್ನು ಅದರ ಜಾಗದಿಂದ ಎಳೆದು ತಣ್ಣಗಾಗದ ಒಂದು ಮೂಲೆಗೆ ಕಟ್ಟಿಬಿಟ್ಟೆ. ಇನ್ನು ಬರ್ಫ ಕಟ್ಟಿದರೂ ಯಂತ್ರಕ್ಕೆ ತಿಳಿಯುವಂತಿರಲಿಲ್ಲ. ನಿಲ್ಲದೆ ಓಡತೊಡಗಿತು.

ನಿಚ್ಚಣಿಕೆ ಹಿಡಿದಿದ್ದ ಕಸ್ತೂರಕ್ಕ ಮೇಲೆ ನೋಡಿ ಕೇಳಿದರು: “ಒಂದು ವಯರ್ ಹೊರಗ ಉಳೀತಲ್ಲೋ ತಮ್ಮಾ?”

“ಅದು ಬೇಕಾಗಂಗಿಲ್ಲಕ್ಕಾ,” ಎಂದೆ.

ಎರಡು ದಿನ ಬಿಟ್ಟು ಬಂದು ಸೋರಿಕೆ ಸರಿಮಾಡಿ ಸೆನ್ಸರನ್ನು ಅದರ ಜಾಗದಲ್ಲಿ ಇಡುವ ಮನಸ್ಸಿತ್ತು. ಬೀಳಗಿಯಲ್ಲಿ ಒಂದು ಕಲ್ಯಾಣ ಮಂಟಪದ ಕೆಲಸ ಬಂತು, ಅಲ್ಲಿಗೆ ಹೋದೆ. ಸೋಮವಾರ ಬೆಳಿಗ್ಗೆ ಕಸ್ತೂರಕ್ಕ ತಾವಾಗಿ ಫೋನ್ ಮಾಡಿದರು. ಅಂಗಡಿ ತೆರೆದಾಗ ಏಸಿಯ ಕೆಳಗೆ ನಾಲ್ಕು ಹನಿ ನೀರಿತ್ತಂತೆ, ಒರೆಸಿದರಂತೆ. ಗಾಳಿಯೂ ಮೊದಲಿನಷ್ಟು ಬರುತ್ತಿಲ್ಲವಂತೆ. ಬರ್ಫ ಕಟ್ಟಿ ಗಾಳಿಯ ದಾರಿ ಮುಚ್ಚುತ್ತಿದೆ ಎಂದು ಆ ಮಾತಿನಲ್ಲೇ ನನಗೆ ತಿಳಿಯಿತು. ಬುಧವಾರ ಬರುತ್ತೇನೆ ಎಂದೆ. ಬಂದ್ ಇಡಿ ಎಂದು — ಅಷ್ಟು ಕೂಡ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಸಾವಕಾರರು ಕೇಳುತ್ತಾರಲ್ಲ.

ಆ ಸೋಮವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ತಂಪು ಸಾಲದೆಂದು ಸಾವಕಾರರೇ ಹದಿನಾರು ಡಿಗ್ರಿಗೆ ಇಡಿಸಿದರು. ದಿನವಿಡೀ ಓಡಿತು. ತೇರದಾಳದ ಒಂದು ಮನೆತನದವರು ಮಗಳ ಮದುವೆಗೆ ಆರಿಸಿದ ಸೀರೆಗಳನ್ನು ಕಸ್ತೂರಕ್ಕ, ಮತ್ತೆ ಹನಿ ಕಾಣದ್ದರಿಂದ, ಏಸಿಯ ಕೆಳಗಿನ ಗಾದಿಯ ಮೇಲೆ ಜೋಡಿಸಿಟ್ಟರು. ಬುಧವಾರ ಅವರು ಒಯ್ಯುವವರಿದ್ದರು. ಸಂಜೆ ಎಲ್ಲ ಬಂದ್ ಮಾಡಿ ಕೀಲಿ ಹಾಕಿ ಹೋದರು. ಮಂಗಳವಾರ ಅಂಗಡಿಗೆ ರಜೆ.

ಬುಧವಾರ ಬೆಳಿಗ್ಗೆ ಫೋನ್ ಬಂತು. ನಾನು ಹೋಗಿ ಮಾಳಿಗೆ ಹತ್ತಿದೆ. ಛತ್ತಿನ ಬಿಳಿ ಹಲಗೆ ನೆನೆದು ಹೊಟ್ಟೆ ಬಿಟ್ಟಿತ್ತು. ಗಾದಿಯ ಮೇಲೆ ಕೆಂಪು ಅಂಚಿನ ಬಣ್ಣ ಕೆನೆಬಣ್ಣದ ಒಡಲಿಗೆ ಹರಿದು, ಸೀರೆಯಿಂದ ಸೀರೆಗೆ ಇಳಿದಿತ್ತು. ತೇರದಾಳದ ಹುಡುಗಿಯ ತಾಯಿ ಬಂದು ನಿಂತಿದ್ದರು. ಮದುವೆಗೆ ಮೊದಲೇ ಹೀಗಾಯಿತಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಸಾವಕಾರರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಮೊದಲು ಎದುರಿನ ಅಂಗಡಿಯವರ ಕೈವಾಡ ಎಂದರು. ಆಮೇಲೆ ಅವರ ಕಣ್ಣು ನನ್ನ ಮೇಲೆ ನಿಂತಿತು. ಆಗ ನಾನು ಕೇಳಿದೆ:

“ಮೊನ್ನೆ ಸಂಜಿ ಇದನ್ನ ಬಂದ್ ಮಾಡಿದವರು ಯಾರ್ರೀ?”

ಎಲ್ಲರ ಕಣ್ಣೂ ಕಸ್ತೂರಕ್ಕನ ಕಡೆ ತಿರುಗಿದವು. ಅವರಿಗೂ ಸಾವಕಾರರಿಗೂ ಭಾನುವಾರವಷ್ಟೇ ಮಾತಿಗೆ ಮಾತು ಬೆಳೆದಿತ್ತು. ಮುಧೋಳದಲ್ಲಿ ತಂಗಿಯ ಮಗಳ ಸೀಮಂತಕ್ಕೆ ರಜೆ ಕೇಳಿದ್ದರು, ಸಾವಕಾರರು ಕೊಟ್ಟಿರಲಿಲ್ಲ, ಕಸ್ತೂರಕ್ಕ ಎಲ್ಲರೆದುರು ಒಂದು ಬಿರುಸು ಮಾತು ಅಂದಿದ್ದರು. ಅದು ಈಗ ಎಲ್ಲರಿಗೂ ನೆನಪಾಯಿತು.

“ನಾನ ಮಾಡೇನ್ರಿ,” ಎಂದರು.

“ಖರೇನ ಮಾಡಿದ್ದೇನು?” ಸಾವಕಾರರು ಕೇಳಿದರು.

ದಿನಾ ಮಾಡುವ ಕೆಲಸವನ್ನು ಹೀಗೆ ಕೇಳಿದರೆ ಯಾರಿಗಾದರೂ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಕಸ್ತೂರಕ್ಕ ಮೆಟ್ಟಿಲ ಹತ್ತಿರದ ಸ್ವಿಚ್ಚಿನ ಕಡೆ ನೋಡಿದರು, ತಮ್ಮ ಕೈ ನೋಡಿಕೊಂಡರು. “ಮಾಡಿದ್ದೆ ಅಂತ ಅನಸ್ತೈತ್ರಿ…”

ಸಾವಕಾರರು ನನ್ನತ್ತ ತಿರುಗಿ, ರಜೆಯ ದಿನವೆಲ್ಲ ಹದಿನಾರರಲ್ಲಿ ಓಡುತ್ತಲೇ ಇದ್ದರೆ ಹೀಗಾಗುತ್ತದೆಯೇ ಎಂದು ಕೇಳಿದರು. ಕಸ್ತೂರಕ್ಕ ಬೇಕೆಂದೇ ಚಾಲೂ ಬಿಟ್ಟು ಹೋಗಿ, ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸದ್ದಿಲ್ಲದೆ ಬಂದ್ ಮಾಡಿರಬೇಕೆಂದು ಅವರ ಗುಮಾನಿ.

ಆಗುವುದಿಲ್ಲ. ಹಾಗೆ ಆಗಲು ಸಾಧ್ಯವೇ ಇರಲಿಲ್ಲ. ಓಡುತ್ತಿದ್ದರೆ ಬರ್ಫ ಬರ್ಫವಾಗಿಯೇ ಇರುತ್ತಿತ್ತು, ಇನ್ನೂ ದಪ್ಪವಾಗುತ್ತಿತ್ತು. ಮಂಗಳವಾರವಿಡೀ ಯಂತ್ರ ನಿಂತಿದ್ದಕ್ಕೇ, ಬೇಸಿಗೆಯ ಬಿಸಿಗೆ ಅದು ಪೂರ್ತಿ ಕರಗಿ, ತಟ್ಟೆಯ ಆಚೆಗೂ ಸುರಿದು, ಕರೆಂಟಿಲ್ಲದ ಪಂಪು ಎತ್ತದೆ, ಕೆಳಗೆ ಬಿದ್ದದ್ದು. ಅಷ್ಟು ನೀರು ಬಿದ್ದಿತ್ತೆಂದರೆ ಕಸ್ತೂರಕ್ಕ ಸ್ವಿಚ್ ಆರಿಸಿದ್ದರು ಎಂದೇ ಅರ್ಥ. ಆ ಕೋಣೆಯಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ.

“ಹಂಗೂ ಆಗಬಹುದರಿ,” ಎಂದೆ.

ಆಮೇಲೆ ನಿಚ್ಚಣಿಕೆ ತರಿಸಿದೆ. ಅಂದೂ ಅದನ್ನು ಹಿಡಿದವರು ಕಸ್ತೂರಕ್ಕ. ನೋಡುವ ನೆವದಲ್ಲಿ ಜಾಳಿಗೆ ಬಿಚ್ಚಿ, ಸೆನ್ಸರನ್ನು ಸದ್ದಿಲ್ಲದೆ ಅದರ ಜಾಗಕ್ಕೆ ಸೇರಿಸಿದೆ. ಕೆಳಗೆ ನೋಡಿದರೆ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ವಯರ್ ಹೊರಗಿದ್ದದ್ದನ್ನು ಕಂಡವರು ಅವರೊಬ್ಬರೇ. ನನ್ನ ಪ್ರಶ್ನೆ ಅವರ ಕಡೆಗೇ ಯಾಕೆ ಹೋಯಿತು? ಬಾಯಿ ತಪ್ಪಿ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳಿಕೊಳ್ಳಲಾರೆ.

ಅವರನ್ನು ಅವತ್ತೇ ಕೆಲಸದಿಂದ ತೆಗೆದರು. ಸಾವಕಾರರ ಮೇಲಿನ ಸಿಟ್ಟಿಗೆ ಮದುಮಗಳ ಸೀರೆ ಕೆಡಿಸಿದಳು ಎಂಬ ಮಾತು ವಾರದೊಳಗೆ ರಬಕವಿ, ಬನಹಟ್ಟಿ ಎರಡೂ ಊರಿಗೆ ಹಬ್ಬಿತು. ಬೇರೆ ಯಾವ ಅಂಗಡಿಯೂ ಸೇರಿಸಿಕೊಳ್ಳಲಿಲ್ಲ. ಸೀರೆ ಉಡಿಸಲು ಕರೆಯುವುದನ್ನೂ ಬಿಟ್ಟರು — ಅವಳ ಕೈ ಛಲೋ ಅಲ್ಲ ಎಂದರಂತೆ. ಕೊನೆಗೆ ತಂಗಿ ಇದ್ದ ಮುಧೋಳಕ್ಕೆ ಹೋದರು.

ನಾನು ಮರುವಾರ ಸೋರಿಕೆ ಸರಿಮಾಡಿ ಗ್ಯಾಸು ತುಂಬಿದೆ. ಯಾರೂ ಏನೂ ಕೇಳಲಿಲ್ಲ. ಆದರೆ ಆ ಮೇಲೆ ನಾನು ನೆಮ್ಮದಿಯಾಗಿ ಇದ್ದದ್ದು ನೆನಪಿಲ್ಲ. ಆ ಅಂಗಡಿಯಿಂದ ಫೋನ್ ಬಂದರೆ, ಗೊತ್ತಾಯಿತೇ ಎಂದುಕೊಂಡು ಎರಡನೆಯ ಸಲ ಬಂದ ಮೇಲೆಯೇ ಎತ್ತುತ್ತಿದ್ದೆ. ಸರ್ವಿಸಿಗೆ ಹೋದಾಗ ಸಾವಕಾರರು ಕೆಳಗೆ ನಿಂತು ಮೇಲೆ ನೋಡಿದರೆ ನನ್ನನ್ನೇ ಪರೀಕ್ಷಿಸುತ್ತಿದ್ದಾರೆ ಅನಿಸುತ್ತಿತ್ತು. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಹಿಂದಿನಿಂದ ಅವರಂತೆ ಕಂಡ ಹೆಂಗಸೊಬ್ಬಳನ್ನು ನೋಡಿ, ಹತ್ತಬೇಕಿದ್ದ ಬಸ್ಸು ಬಿಟ್ಟು ಬೇರೆ ಕಡೆ ನಡೆದೆ. ಕಸ್ತೂರಕ್ಕ ಅಂದು ವಯರಿನ ಮಾತು ಯಾಕೆ ಎತ್ತಲಿಲ್ಲ? ಮರೆತಿದ್ದರೇ? ನನ್ನನ್ನು ಉಳಿಸಿದರೇ? ಉಳಿಸಿದರು ಎಂದುಕೊಂಡರೆ ಒಂಥರಾ ಹಗುರವಾಗುತ್ತಿತ್ತು. ಹಾಗಾಗಿ ಹಾಗೇ ಎಂದುಕೊಂಡೆ.

ಈ ವರ್ಷ ಬೇಸಿಗೆಗೆ ಮೊದಲು ಆ ಹಳೆಯ ಏಸಿ ಇಳಿಸಿ ಹೊಸದು ಹಾಕಲು ಸಾವಕಾರರು ಕರೆದರು. ಇಳಿಸಿ ನೆಲದ ಮೇಲೆ ಇಟ್ಟಾಗ ಅವರು ಅದನ್ನು ನೋಡುತ್ತ, ಸುಮ್ಮನೆ ನೆನಪಾದವರಂತೆ ಹೇಳಿದರು:

“ಆ ಕಸ್ತೂರಿ ಅವತ್ತ ನೀ ಹೋದ ಮ್ಯಾಲ ನಿನ್ನ ಹೆಸರು ಹೇಳಿದ್ಳು. ಮಿಸ್ತ್ರಿ ಒಂದು ವಯರ್ ಹೊರಗ ಬಿಟ್ಟಿದ್ದ ಅಂತ. ನಾ ನಂಬಲಿಲ್ಲ.”

ಅವರು ನನ್ನನ್ನು ಉಳಿಸಿರಲಿಲ್ಲ. ನಿಜ ಹೇಳಿದ್ದರು, ಆ ನಿಜವನ್ನೂ ಅವರ ಕೆಟ್ಟತನಕ್ಕೇ ಸೇರಿಸಲಾಗಿತ್ತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ.

“ಅಕಿ ಹೇಳಿದ್ದು ಖರೇ ಐತ್ರಿ,” ಎಂದೆ.

ಎಲ್ಲ ಹೇಳಿದೆ. ಸಾವಕಾರರು ತಮಗೂ ಅಂದೇ ನನ್ನ ಮೇಲೆ ಸಂಶಯ ಬಂದಿತ್ತು ಎಂದರು. ಆದರೆ ತೇರದಾಳದವರು ಎದುರಿಗೆ ನಿಂತಿದ್ದರು, ಯಾರದಾದರೂ ಒಂದು ಹೆಸರು ಬೇಕಿತ್ತು ಎಂದರು. ಈಗ ಅದನ್ನು ಎತ್ತಬೇಡ, ಅಂಗಡಿಯ ಹೆಸರು ಕೆಡುತ್ತದೆ, ನಿನ್ನದೂ ಕೆಡುತ್ತದೆ ಎಂದರು.

ಮರುದಿನ ಮುಧೋಳಕ್ಕೆ ಹೋದೆ. ಕಸ್ತೂರಕ್ಕ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕಟಕ್ ರೊಟ್ಟಿ ಮಾಡಿ ಮಾರುತ್ತಾರೆ. ತಲೆ ನರೆತಿದೆ. ನನ್ನನ್ನು ಗುರುತು ಹಿಡಿದರು. “ಬರ್ರಿ ಮಿಸ್ತ್ರಿಯವರ, ಕೂಡ್ರಿ,” ಎಂದರು. ತಮ್ಮಾ ಅನ್ನಲಿಲ್ಲ. ಒಲೆ ಆರಿಸಿ ಬಂದು ಎದುರಿಗೆ ಕುಳಿತರು. ಕುಳಿತವರು ಮತ್ತೆ ಎದ್ದು ಹೋಗಿ ಒಲೆ ನೋಡಿ ಬಂದರು. ನಾನು ಮಾತು ಶುರುಮಾಡುವಷ್ಟರಲ್ಲಿ ಇನ್ನೊಮ್ಮೆ ಹೋದರು.

ನಾನು ಹೇಳಿ ಮುಗಿಸಿದೆ. ಅವರು ಸಿಟ್ಟಾಗಲಿಲ್ಲ. ಬರ್ಫದ ವಿಷಯ ಮಾತ್ರ ಇನ್ನೊಮ್ಮೆ ಬಿಡಿಸಿ ಹೇಳಿ ಎಂದರು. ಹೇಳಿದೆ.

“ಅಂದ್ರ, ನಾ ಬಂದ್ ಮಾಡಿದ್ದಕ್ಕ ನೀರು ಬಿದ್ದಾವು?”

“ಹೌದಕ್ಕಾ.”

“ಅದು ಅವತ್ತ ಗೊತ್ತಿತ್ತು ನಿಮಗ?”

“ಗೊತ್ತಿತ್ತು.”

ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡುತ್ತ ಕುಳಿತರು. ಆಮೇಲೆ ಹೇಳಿದರು: “ಜನ ಅಂದದ್ದು ಇರ್ಲಿ. ಏಳು ವರ್ಷ ಆತು, ನಾ ಸ್ವಿಚ್ ಒತ್ತಿದ್ನೋ ಇಲ್ಲೋ ಅಂತ ನನಗ ಖಾತ್ರಿ ಇಲ್ಲ. ಒಲಿ ಆರಿಸೇನೋ ಇಲ್ಲೋ, ಕೀಲಿ ಹಾಕೇನೋ ಇಲ್ಲೋ — ಮೂರು ಮೂರು ಸರ್ತಿ ಎದ್ದು ನೋಡ್ತೇನಿ. ನನ್ನ ಕೈ ಮ್ಯಾಲ ನನಗ ನಂಬಿಗಿ ಹೋತು.”

ಕೆಲಸ ಕಸಿದದ್ದು, ಊರು ಬಿಡಿಸಿದ್ದು ನನ್ನ ತಪ್ಪಿನ ಲೆಕ್ಕದಲ್ಲಿತ್ತು. ಇದು ಇರಲಿಲ್ಲ. ನಾನು ಬನಹಟ್ಟಿಯಲ್ಲಿ ಬಿತ್ತಿದ ಸಂಶಯ ಆ ಹೆಣ್ಣುಮಗಳ ಒಳಗೇ ಹೋಗಿ ಕೂತಿತ್ತು. ನಾನು ನನ್ನ ಹೆದರಿಕೆಯನ್ನೇ ದೊಡ್ಡ ಶಿಕ್ಷೆ ಎಂದುಕೊಂಡು ತಿರುಗುತ್ತಿದ್ದಾಗ, ಅವರು ತಮ್ಮ ಮನೆಯಲ್ಲೇ ತಮ್ಮನ್ನು ಕಾಯುತ್ತ ಕುಳಿತಿದ್ದರು.

ಕ್ಷಮೆ ಕೇಳಿದೆ. ಅವರು ಇದನ್ನೆಲ್ಲ ಬರೆದುಕೊಡಬೇಕು ಎಂದರು. ಏಸಿ ಎಂದರೇನೆಂದು ಗೊತ್ತಿಲ್ಲದ ಹೆಂಗಸಿಗೂ ತಿಳಿಯುವ ಹಾಗೆ, ಕೆಳಗೆ ಸಹಿ ಹಾಕಿ. ಅದಕ್ಕೇ ಬರೆದಿದ್ದೇನೆ.

ಬರುವ ಬುಧವಾರ ಬೆಳಿಗ್ಗೆ ಬನಹಟ್ಟಿಯ ಆ ಮಾಳಿಗೆಯಲ್ಲಿ, ಅಂದು ಅಲ್ಲಿದ್ದವರಲ್ಲಿ ಈಗ ಉಳಿದವರ ಎದುರು ಇದನ್ನು ನಾನೇ ಓದುತ್ತೇನೆ. ಸಾವಕಾರರಿಗೆ ತಿಳಿಸಿದ್ದೇನೆ, ಓದಿದ ಮೇಲೆ ಈ ಕಡೆ ಬರಬೇಡ ಎಂದಿದ್ದಾರೆ. ತೇರದಾಳದ ಮನೆಗೂ ಹೋಗಿ ಓದಬೇಕು. ಅವರು ಹೊರಗೆ ಹಾಕಿದರೆ ಅಂಗಳದಲ್ಲಿ ನಿಂತು ಹೇಳಬೇಕು.

ಕಸ್ತೂರಕ್ಕ ಅಂಗಡಿಗೆ ಬರುತ್ತೇನೆ ಎಂದು ಹೇಳಿಲ್ಲ. ಬಂದರೆ ಅವರ ಮುಖ ನೋಡುತ್ತ ಓದಬೇಕು. ಬರದಿದ್ದರೆ, ಓದಿದ ಮೇಲೆ ಈ ಕಾಗದವನ್ನು ಮುಧೋಳಕ್ಕೆ ಒಯ್ದು ಅವರ ಕೈಗೆ ಕೊಟ್ಟು — ಅವರು ಕೂಡ್ರಿ ಅಂದರೂ ಕೂರದೆ, ಹಿಂತಿರುಗಬೇಕು.