ಅರವತ್ನಾಲ್ಕು ಬಿಟ್ಟಿನ ಚೀಟಿ

ಗೆಳೆಯರೇ, ಯಾರಿಗೂ ಹೇಳಿರಲಿಲ್ಲ: ಅಥಣಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ವಿಡಿಯೋ ಗೇಮ್ ಮಾರುವ ನನಗೆ ಬಿಟ್ ಎಂದರೇನೆಂದೇ ಗೊತ್ತಿಲ್ಲ. ಎದುರಿನ ಅಂಗಡಿಯವರು ‘ಮೂವತ್ತೆರಡು ಬಿಟ್’ ಎಂದು ಬೋರ್ಡು ಹಾಕಿದ್ದಕ್ಕೆ, ಇಂದು ಮುಂಜಾನೆ ನಮ್ಮ ಅಂಗಡಿಯ ಸಾವಕಾರರು ಎಲ್ಲ ಡಬ್ಬಿಗಳಿಗೂ ನನ್ನ ಕೈಯಿಂದ ‘ಅರವತ್ನಾಲ್ಕು’ ಎಂಬ ಚೀಟಿ ಅಂಟಿಸಿದರು.

ಮಧ್ಯಾಹ್ನ ದ್ರಾಕ್ಷಿ ತೋಟದ ಕಾಕಾ ಒಬ್ಬರು ಬಂದು, ಪಂಪ್‌ಸೆಟ್ ಕೊಳ್ಳುವವರಂತೆ ಕೇಳಿದರು: “ಎಷ್ಟ್ ಎಚ್‌ಪಿದೈತಿ ಇದು?”

“ಅರವತ್ನಾಕ್ ಬಿಟ್ ರೀ ಕಾಕಾ! ಎದುರಿಂದಕ್ಕಿಂತ ಡಬಲ್ ತಾಕತ್ತು!” ಎಂದರು ಸಾವಕಾರರು.

ಕಾಕಾ ನನ್ನತ್ತ ತಿರುಗಿದರು. “ಖರೇ ಏನೋ ತಮ್ಮಾ?”

ಸಾವಕಾರರು ದುರುಗುಟ್ಟಿ ನೋಡುತ್ತಿದ್ದರು. ಶಾಲೆ ಮುಗಿಸದ ನನಗೆ ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ.

“ಇಲ್ರೀ. ರಿಪೇರಿಗೆ ಬಂದಾಗ ಎರಡೂ ನಾನ ಬಿಚ್ಚಿ ನೋಡೇನಿ, ಒಳಗ ಒಂದ ಮಾಲು.”

“ಹಂಗಾರ ಅವರ ಸುಳ್ಳು ನಿಮ್ಮದರ ಅರ್ಧಾ ಅಷ್ಟ ಐತಿ,” ಎಂದು ಕಾಕಾ ಎದುರಿನ ಅಂಗಡಿಗೇ ನಡೆದರು.

“ನಾಳೆ ಬರಬ್ಯಾಡಲೇ,” ಎಂದರು ಸಾವಕಾರರು.

ಬೇರೆ ಊರಲ್ಲಿ ಕೆಲಸ ಹುಡುಕಲು ನಾಳೆ ಹತ್ತಿರದ ಕುಡಚಿಯಲ್ಲಿ ರೈಲು ಹತ್ತುತ್ತೇನೆ.